ನಾಲ್ಕು ಸಾವಿರ ರೂಪಾಯಿಯ ಇಂಟರ್ನ್‌ಶಿಪ್ ಬಗ್ಗೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಕಲೆ, ರಂಗಭೂಮಿ ಅಂತ ಬೋರ್ಡು ಹಾಕಿಕೊಂಡ ಸಣ್ಣ ಸಂಸ್ಥೆಗಳು ಇಂಟರ್ನ್‌ಶಿಪ್ ಹೆಸರಲ್ಲಿ ಹುಡುಗರಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುತ್ತವೆ, ಕಸ ಗುಡಿಸಿ ಚಹಾ ತಂದುಕೊಟ್ಟವರಿಗೆ ಕೊನೆಗೊಂದು ಸರ್ಟಿಫಿಕೇಟು ಕೊಟ್ಟು ಕಳಿಸುತ್ತವೆ ಎಂದು ಅವರು ಸಿಟ್ಟಿನಿಂದ ಬರೆದಿದ್ದರು. ಓದಿ ನಗು ಬಂತು. ನಾನು ಕಸ ಗುಡಿಸಿದ್ದೇನೆ. ಚಹಾನೂ ತಂದಿದ್ದೇನೆ. ಹಾಗಾಗಿ ಅವರು ಬರೆದದ್ದು ಸುಳ್ಳು ಅನ್ನಲಾರೆ. ಆದರೆ ಕಸ ಗುಡಿಸಿದ ಮೇಲೆ ಏನಾಯಿತು ಅನ್ನುವುದು ಅವರ ಪತ್ರದಲ್ಲಿ ಇರಲಿಲ್ಲ. ಅದನ್ನು ಬರೆಯೋಣ ಅನ್ನಿಸಿತು. ಪತ್ರ ಉದ್ದವಾಗುತ್ತೆ. ಕತ್ತರಿಸಲೇಬೇಕು ಅಂದರೆ ಗೊಂಬೆಯ ಭಾಗ ಬಿಟ್ಟು ಬೇರೆ ಎಲ್ಲಾದರೂ ಕತ್ತರಿಸಿ.

ನಾನು ಕುಕನೂರಿನವಳು. 2024ರಲ್ಲಿ ಬಿ.ಎ. ಮುಗಿಸಿದೆ. ಇತಿಹಾಸ, ಐಚ್ಛಿಕ ಕನ್ನಡ. ಇಷ್ಟು ಹೇಳಿದರೆ ಸಾಕು, ನಮ್ಮ ಕಡೆ ಜನ ಮುಂದಿನ ಪ್ರಶ್ನೆ ಕೇಳುವುದಿಲ್ಲ, ಸುಮ್ನೆ ಅಯ್ಯೋ ಅನ್ನುವ ಮುಖ ಮಾಡುತ್ತಾರೆ. ಕೆಲಸಕ್ಕೆ ಹೋದ ಕಡೆಯೆಲ್ಲ ಅನುಭವ ಇದೆಯಾ ಅಂತ ಕೇಳುತ್ತಿದ್ದರು. ಅನುಭವಕ್ಕಾಗಿ ಇಂಟರ್ನ್‌ಶಿಪ್ ಹುಡುಕಿದರೆ ಮೊಬೈಲಿಗೆ ಬಂದದ್ದು ಒಂದು ಮೆಸೇಜು: 1,999 ರೂಪಾಯಿ ಕಟ್ಟಿ, ಮನೆಯಲ್ಲೇ ಕೂತು ಒಂದು ತಿಂಗಳು ಇಂಟರ್ನ್‌ಶಿಪ್ ಮಾಡಿ, ಸರ್ಟಿಫಿಕೇಟ್ ಗ್ಯಾರಂಟಿ. ನನ್ನ ತರಗತಿಯ ಇಬ್ಬರು ಕಟ್ಟಿದರು. ನಾಲ್ಕು ವಿಡಿಯೊ ನೋಡಿ, ಹತ್ತು ಪ್ರಶ್ನೆಗೆ ಟಿಕ್ ಹಾಕಿ ಪ್ರಿಂಟ್ ತೆಗೆಸಿಕೊಂಡರು. ಬಿಟ್ಟಿ ಚಾಕರಿ ಬಗ್ಗೆ ಬರೆದ ಆ ಓದುಗರು ಇದರ ಬಗ್ಗೆಯೂ ಒಂದು ಸಾಲು ಬರೆಯಬಹುದಿತ್ತು. ದುಡ್ಡು ಕೊಟ್ಟು ಕೆಲಸವನ್ನೇ ಮಾಡದೆ ಬರುವುದಕ್ಕೆ ಏನನ್ನಬೇಕೋ ನನಗೆ ಗೊತ್ತಿಲ್ಲ.

ನಮ್ಮ ಕನ್ನಡದ ಮೇಷ್ಟ್ರು ಒಂದು ದಿನ ಕರೆದು, ಕೊಪ್ಪಳದಲ್ಲಿ ತೊಗಲುಗೊಂಬೆ (ಪರದೆಯ ಹಿಂದೆ ದೀಪ ಇಟ್ಟು ಆಡಿಸುವ ಚರ್ಮದ ಗೊಂಬೆ) ಆಟದ ಒಂದು ಸಣ್ಣ ಸಂಸ್ಥೆ ಇದೆ, ಬರೆಯಲು ಬರುವ ಒಬ್ಬರು ಬೇಕಂತೆ ಹೋಗಮ್ಮ ಅಂದರು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮುಂದೆ ಅವರ ಬಗ್ಗೆ ಎರಡು ದೂರು ಹೇಳುವುದಿದೆ. ಬಾಡಿಗೆಯ ಎರಡು ಕೋಣೆ. ನಡೆಸುವವರು ಒಬ್ಬರು ಮೇಡಂ. ಗಾಡಿ, ಪರದೆ, ಲೈಟು ನೋಡಿಕೊಳ್ಳುವ ಒಬ್ಬ ಅಣ್ಣ. ವಾರಕ್ಕೆ ಎರಡು ದಿನ ಬರುವ ಲೆಕ್ಕದ ಸರ್. ಒಟ್ಟು ಮೂರು ಜನ. ಈ ಮೂರು ಅನ್ನುವ ಸಂಖ್ಯೆ ನೆನಪಿರಲಿ, ಆಮೇಲೆ ಬೇಕಾಗುತ್ತೆ. ಗೊಂಬೆ ಆಡಿಸುವ ಕಲಾವಿದರು ಸಂಸ್ಥೆಯ ನೌಕರರಲ್ಲ. ಆಟ ಇದ್ದಾಗ ಊರಿಂದ ಬರುತ್ತಾರೆ, ಆಟ ಮುಗಿದ ಮೇಲೆ ಸಂಭಾವನೆ ತಗೊಂಡು ಹೋಗುತ್ತಾರೆ.

ಆರು ತಿಂಗಳು, 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ. ತಿಂಗಳಿಗೆ 4,000, ಮಧ್ಯಾಹ್ನ ಊಟ. ಬೆಳಿಗ್ಗೆ ಎಂಟು ಗಂಟೆಯ ಬಸ್ಸು ಹಿಡಿದು, ಭಾನಾಪುರ ದಾಟಿ ಕೊಪ್ಪಳ. ಸಂಜೆ ಅದೇ ದಾರಿಯಲ್ಲಿ ವಾಪಸ್. ಶಕ್ತಿ ಯೋಜನೆಯ ಬಸ್ಸು ಇಲ್ಲದಿದ್ದರೆ ಆ ನಾಲ್ಕು ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಟಿಕೆಟ್ಟಿಗೇ ಹೋಗುತ್ತಿತ್ತು. ಬಸ್ ಫ್ರೀ ಅಂತ ಹೆಂಗಸರು ಸುಮ್ನೆ ತಿರುಗುತ್ತಾರೆ ಅನ್ನುವವರಿಗೆ ನಾನು ಸಿಕ್ಕಿದ್ದರೆ ನನ್ನ ಕೈಯಲ್ಲಿ ಕೆಲಸದ ಸ್ಕೇಲು, ಟೇಪು, ರಿಜಿಸ್ಟರು ಕಾಣುತ್ತಿತ್ತು.

ಮೊದಲ ವಾರ ಕಸ ಗುಡಿಸಿದ್ದು, ಕುರ್ಚಿ ಎಣಿಸಿದ್ದು, ಹಳೇ ಆಮಂತ್ರಣ ಪತ್ರಿಕೆಗಳನ್ನು ವರ್ಷದ ಪ್ರಕಾರ ಜೋಡಿಸಿದ್ದು. ಮನೆಯಲ್ಲಿ ಅಪ್ಪ ದಿನಾ ಕೇಳೋರು, ಇವತ್ತೇನು ಕಲಿತೆ ಅಂತ. ಗುಡಿಸೋದು ಅಂದೆ ಒಂದು ದಿನ. ಅವ್ವ ಅಂದಳು, ಮನ್ಯಾಗ ಕಲೀಲಿಲ್ಲ, ಅಲ್ಲರ ಕಲೀಲಿ ಬಿಡು.

ಎರಡನೇ ವಾರ ಮೇಡಂ ಒಳಕೋಣೆಯ ಬೀಗ ತೆಗೆದರು. ನಾಲ್ಕು ಪೆಟ್ಟಿಗೆ. ಒಂದು ಬಿದಿರಿನ ಬುಟ್ಟಿಪೆಟ್ಟಿಗೆ, ಮೂರು ತಗಡಿನ ಟ್ರಂಕು. ಒಳಗೆ ಮೂರು ಕುಟುಂಬಗಳಿಂದ ಬಂದ ಗೊಂಬೆಗಳು. ಆ ಮನೆಗಳಲ್ಲಿ ಆಡಿಸುವವರು ಉಳಿದಿರಲಿಲ್ಲ. ಮಕ್ಕಳು ದುಡಿಯಲು ಹೋಗಿದ್ದರು, ಮಳೆಗಾಲದಲ್ಲಿ ಮನೆ ಸೋರುತ್ತಿತ್ತು. ಗೊಂಬೆ ಹಾಳಾದೀತು, ನೀವು ಇಟ್ಕೊಳ್ರಿ ಎಂದು ಕೊಟ್ಟಿದ್ದರಂತೆ. ಎಷ್ಟಿವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇನ್ನೂರರ ಮೇಲಿರಬಹುದು ಅಂದರು ಮೇಡಂ. ನನ್ನ ಕೆಲಸ ಅವನ್ನು ಒಂದೊಂದಾಗಿ ತೆಗೆದು, ಅಳೆದು, ಫೋಟೊ ಹೊಡೆದು, ನಂಬರು ಕೊಟ್ಟು ರಿಜಿಸ್ಟರಿಗೆ ಏರಿಸುವುದು. ಇದನ್ನು ದೊಡ್ಡ ಮ್ಯೂಸಿಯಂಗಳಲ್ಲಿ ತರಬೇತಿ ಆದವರು ಮಾಡುತ್ತಾರೆ. ಇಲ್ಲಿ ಒಬ್ಬ ಬಿ.ಎ. ಹುಡುಗಿ, ಒಬ್ಬ ಅಜ್ಜ.

ಅಜ್ಜ ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತರ ಸಮುದಾಯದವರು, ಚಿಕ್ಕಂದಿನಿಂದ ಪರದೆಯ ಹಿಂದೆ ಕೂತವರು. ನಾನು ಮೊದಲ ಗೊಂಬೆಯನ್ನು ಎರಡು ಬೆರಳಲ್ಲಿ ತುದಿ ಹಿಡಿದು ಎತ್ತಿದೆ. ಅಜ್ಜ ಗಾಬರಿಯಾಗಿ ಎದ್ದು ಬಂದರು. "ಯವ್ವಾ, ಕೂಸು ಎತ್ಕೊಂಡಂಗ ಎತ್ಕೋಬೇಕು. ಪೇಪರ್ ಹಿಡ್ದಂಗ ಹಿಡೀಬ್ಯಾಡ." ಕೆಳಗೆ ಅಂಗೈ, ಮೇಲೆ ಅಂಗೈ. ಹಳೇ ತೊಗಲು ಹಪ್ಪಳದ ಹಾಗೆ ಇರುತ್ತೆ, ಕೀಲು ಇರುವ ಕಡೆ ದಾರ ಹರಿದಿರುತ್ತೆ. ತುದಿ ಹಿಡಿದರೆ ತೋಳು ಕಳಚಿ ನಿಮ್ಮ ಕೈಯಲ್ಲೇ ಉಳಿಯುತ್ತೆ.

ತೊಗಲುಗೊಂಬೆ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಎಳೆದು ಗೂಟ ಹೊಡೆದು ಒಣಗಿಸುತ್ತಾರೆ. ಹದ ಬಂದ ತೊಗಲನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣಬೇಕು. ಅದರ ಮೇಲೆ ಚಿತ್ರ ಬರೆದು, ಸಣ್ಣ ಉಳಿಗಳಿಂದ ತೂತು ಕೊರೆದು, ಎರಡೂ ಕಡೆ ಬಣ್ಣ ಹಾಕುತ್ತಾರೆ. ಕಿರೀಟ, ಸರ, ಸೀರೆಯ ಅಂಚು ಎಲ್ಲ ತೂತುಗಳೇ. ನಮ್ಮ ಮೇಜಿನ ಮೇಲೆ ಬಿದ್ದಿದ್ದಾಗ ಅದು ಕಂದು ಬಣ್ಣದ ಒಂದು ಹಳೇ ಚರ್ಮ. ಹಿಂದೆ ದೀಪ ಇಟ್ಟ ತಕ್ಷಣ ಕಿರೀಟ ಹೊಳೆಯುತ್ತೆ. ಫೋಟೊ ಹೊಡೆಯಲು ನಾವು ಮಾಡಿಕೊಂಡ ಉಪಾಯವೂ ಅದೇ. ಹಳೇ ಕಿಟಕಿಯ ಗಾಜು, ಮೇಲೆ ಬಿಳಿ ಟ್ರೇಸಿಂಗ್ ಹಾಳೆ, ಕೆಳಗೆ ಎರಡು ಎಲ್‌ಇಡಿ ಟ್ಯೂಬು. ಅಣ್ಣ ಮಾಡಿಕೊಟ್ಟದ್ದು. ಖರ್ಚು 640 ರೂಪಾಯಿ, ವೋಚರ್ ಬರೆದದ್ದು ನಾನೇ.

ರಿಜಿಸ್ಟರಿಗೆ ಕಾಲಂ ಹಾಕುವುದು ಸುಲಭ ಅಂದುಕೊಂಡಿದ್ದೆ. ನಂಬರು, ಗೊಂಬೆಯ ಹೆಸರು, ಉದ್ದ, ಅಗಲ, ಯಾವ ಊರಿನದು, ಸ್ಥಿತಿ. ಏಳನೇ ಗೊಂಬೆಗೇ ಸಿಕ್ಕಿಬಿದ್ದೆ. ಒಂದೇ ದೊಡ್ಡ ತೊಗಲಿನಲ್ಲಿ ರಾಮ, ಸೀತೆ, ಲಕ್ಷ್ಮಣ ಮೂವರೂ ಇದ್ದರು. ಒಂದು ನಂಬರಾ, ಮೂರಾ? ತೊಗಲು ಒಂದು, ಆದ್ದರಿಂದ ನಂಬರು ಒಂದು ಅಂತ ತೀರ್ಮಾನ ಆಯಿತು. ಹನ್ನೆರಡನೆಯದಕ್ಕೆ ಧರ್ಮರಾಯ ಅಂತ ಬರೆದೆ. ಅಜ್ಜ ಓದಿಸಿ ಕೇಳಿದರು. "ಇವತ್ತ ಧರ್ಮರಾಯ. ನಾಳೆ ರಾಮಾಯಣ ಆಡ್ಸಿದ್ರ ದಶರಥ. ಯಾವ್ದು ಬರೀತಿ?" ಒಂದೇ ಗೊಂಬೆ ಕಥೆಗೆ ತಕ್ಕ ಹಾಗೆ ಹೆಸರು ಬದಲಿಸುತ್ತೆ ಅನ್ನುವುದು ಪುಸ್ತಕ ಓದಿಕೊಂಡು ಬಂದ ನನಗೆ ಹೊಳೆದಿರಲಿಲ್ಲ. 'ಯಾವ ಯಾವ ಪಾತ್ರಕ್ಕೆ' ಅನ್ನುವ ಹೊಸ ಕಾಲಂ ಹಾಕಿ, ಹಿಂದಿನ ಹನ್ನೊಂದನ್ನೂ ಮತ್ತೆ ಬರೆದೆ. ಹಾಸ್ಯದ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕನಿಗೆ ಮಾತ್ರ ಈ ತೊಂದರೆ ಇಲ್ಲ. ರಾಮಾಯಣ ಇರಲಿ, ಭಾರತ ಇರಲಿ, ಅವರು ಅವರೇ.

'ಯಾವ ಚರ್ಮ' ಅನ್ನುವ ಕಾಲಮ್ಮನ್ನು ಕೆಲವು ಕಡೆ ಖಾಲಿ ಬಿಟ್ಟಿದ್ದೇನೆ. ಹಿಂದಿನವರು ದೇವರ ಗೊಂಬೆಗಳಿಗೆ ಜಿಂಕೆಯ ಚರ್ಮ ಬಳಸುತ್ತಿದ್ದರು ಅಂತ ಅಜ್ಜ ಹೇಳಿದರು. 1972ರ ವನ್ಯಜೀವಿ ಕಾಯ್ದೆ ನೆನಪಾಗಿ ನಾನು ಪೆನ್ನು ಕೆಳಗಿಟ್ಟೆ. ಮುಟ್ಟಿ ನೋಡಿ ಇದು ಇಂಥ ಚರ್ಮ ಅಂತ ಹೇಳುವ ಯೋಗ್ಯತೆ ನನಗಿರಲಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು, ಖಾಲಿ ಬಿಡು ಅಂದರು ಮೇಡಂ. ಮೂರು ವರ್ಷ ಪರೀಕ್ಷೆಯಲ್ಲಿ ಗೊತ್ತಿಲ್ಲದ್ದನ್ನೇ ಪುಟಗಟ್ಟಲೆ ಬರೆದು ಪಾಸಾದವಳಿಗೆ ಇದು ಹೊಸ ಪಾಠ.

ಈಗ ನನ್ನ ತಪ್ಪು. ಅಕ್ಟೋಬರ್ ಕೊನೆಗೆ ಮಳೆ ಹಿಡಿಯಿತು. ಕೋಣೆಯ ಮೂಲೆಯಲ್ಲಿ ಗೋಡೆ ಜಿನುಗುತ್ತಿತ್ತು. ನಂಬರು ಕೊಟ್ಟ ಗೊಂಬೆಗಳು ನೆನೆಯಬಾರದು ಅಂತ ನಾನೇ ಬುದ್ಧಿ ಓಡಿಸಿ, ಪೇಟೆಯಿಂದ ದೊಡ್ಡ ಪ್ಲಾಸ್ಟಿಕ್ ಕವರು ತಂದು, 38 ಗೊಂಬೆಗಳನ್ನು ಅದರಲ್ಲಿ ಹಾಕಿ ಬಾಯಿಗೆ ಟೇಪು ಸುತ್ತಿದೆ. ಯಾರನ್ನೂ ಕೇಳಲಿಲ್ಲ. ಅಚ್ಚುಕಟ್ಟಾಗಿ ಕಾಣುತ್ತಿತ್ತು, ಖುಷಿಯಾಗಿ ಒಂದು ಸೆಲ್ಫಿನೂ ತಗೊಂಡೆ. ದೀಪಾವಳಿ ಮುಗಿಸಿ ಬಂದು ತೆಗೆದು ನೋಡಿದರೆ ಒಂಬತ್ತು ಗೊಂಬೆಗಳ ಮೇಲೆ ಬೂದಿ ಉದುರಿಸಿದ ಹಾಗೆ ಬೂಸು. ಕವರಿನ ಒಳಗೆ ನೀರಿನ ಹನಿ. ತೊಗಲು ಗಾಳಿಯ ತೇವ ಹೀರಿಕೊಂಡಿತ್ತು, ಅದು ಹೊರಗೆ ಹೋಗಲು ನಾನು ದಾರಿ ಬಿಟ್ಟಿರಲಿಲ್ಲ.

ಅಳು ಬಂತು. ಮೇಡಂ ಬೈದರು, ಸರಿಯಾಗೇ ಬೈದರು. ಅಜ್ಜ ಬೈಯಲಿಲ್ಲ, ಅದು ಇನ್ನೂ ಕಷ್ಟ. ಕೂತು ಒಂದೊಂದನ್ನೇ ತೆಗೆದು ನೆರಳಲ್ಲಿ ಹರವಿದರು. "ಇದಕ್ಕ ಉಸುರು ಬೇಕವ್ವಾ. ತೊಗಲು ಐತಿ." ಬಿಸಿಲಿಗೆ ಇಟ್ಟರೆ ಸುರುಟಿಕೊಳ್ಳುತ್ತೆ, ಆದ್ದರಿಂದ ನೆರಳು. ಒದ್ದೆ ಬಟ್ಟೆ ಮುಟ್ಟಿಸಿದರೆ ಬಣ್ಣ ಎದ್ದು ಬರುತ್ತೆ, ಆದ್ದರಿಂದ ಒಣ ಬ್ರಶ್ಶು. ನಾಲ್ಕು ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಸು ತೆಗೆದೆ. ಆಮೇಲೆ ಹಳೇ ಧೋತರಗಳನ್ನು ಒಗೆದು, ಗಂಜಿ ಹಾಕದೆ ಒಣಗಿಸಿ, ಎರಡು ಗೊಂಬೆಗಳ ನಡುವೆ ಒಂದೊಂದು ಮಡಿಕೆ ಹಾಸಿ ಅಂಗಾತ ಮಲಗಿಸಿದೆವು. ಮೂಲೆಗಳಲ್ಲಿ ಬಜೆಬೇರಿನ ಪುಟ್ಟ ಗಂಟು, ಒಣಗಿದ ಬೇವಿನೆಲೆ. ಏಳು ಗೊಂಬೆ ಉಳಿದವು. ಎರಡಕ್ಕೆ ಕಲೆ ಹಾಗೇ ನಿಂತಿದೆ. ರಿಜಿಸ್ಟರಿನಲ್ಲಿ 23 ಮತ್ತು 31ನೇ ನಂಬರಿನ ಎದುರು, ಸ್ಥಿತಿ ಅನ್ನುವ ಕಾಲಮ್ಮಿನಲ್ಲಿ, 'ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರಿಂದ ಬೂಸು, ನವೆಂಬರ್ 2024' ಅಂತ ನನ್ನ ಕೈಯಿಂದಲೇ ಬರೆಸಿದರು ಮೇಡಂ. ಯಾರು ಇಟ್ಟರು ಅಂತ ಬರೆಯಬೇಕಾ ಕೇಳಿದೆ. ಬೇಡ, ಅಕ್ಷರ ನೋಡಿದರೆ ಗೊತ್ತಾಗುತ್ತೆ ಅಂದರು.

ತೀರಾ ಹಾಳಾದ ಗೊಂಬೆಯನ್ನು ಏನು ಮಾಡುತ್ತಿದ್ದಿರಿ ಅಂತ ಆವತ್ತೇ ಅಜ್ಜನನ್ನು ಕೇಳಿದ್ದೆ. ಕಸಕ್ಕೆ ಹಾಕುವ ಹಾಗಿಲ್ಲ, ಪೂಜೆ ಮಾಡಿ ಹೊಳೆಗೆ ಬಿಡಬೇಕಂತೆ. ಮ್ಯೂಸಿಯಂನವರು ಕೇಳಿದರೆ ಎದೆ ಒಡೆದುಕೊಂಡಾರು. ಅಜ್ಜನಿಗೆ ನಮ್ಮ ರಿಜಿಸ್ಟರು ನೋಡಿದರೆ ಹಾಗೇ ಅನ್ನಿಸುತ್ತಿತ್ತೇನೋ. ಆಡಿಸದ ಗೊಂಬೆಗೆ ನಂಬರು ಹಾಕಿ ಏನು ಮಾಡ್ತೀರಿ ಅಂತ ಒಂದು ಸಲ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೊಂಬೆಯ ಮಾತು ಸಾಕು, ದುಡ್ಡಿನ ಮಾತಿಗೆ ಬರುತ್ತೇನೆ.

ಆ ಸಂಸ್ಥೆಯ ಬಗ್ಗೆ ನನ್ನ ಎರಡು ದೂರುಗಳಲ್ಲಿ ಮೊದಲನೆಯದು, ಡಿಸೆಂಬರ್ ಮತ್ತು ಜನವರಿಯ ಗೌರವಧನ ಸಿಕ್ಕಿದ್ದು ಮಾರ್ಚಿನಲ್ಲಿ. ಎರಡನೆಯದು, ಕೆಲಸದ ಗಂಟೆ ಎಷ್ಟು, ಹಣ ಯಾವ ತಾರೀಕಿಗೆ, ಯಾವ ಕೆಲಸ ನನ್ನದು ಯಾವುದು ಅಲ್ಲ ಅನ್ನುವುದು ಒಂದು ಹಾಳೆಯ ಮೇಲೂ ಇರಲಿಲ್ಲ. ಆಟ ಇದ್ದ ದಿನ ರಾತ್ರಿ ಹತ್ತಾಗುತ್ತಿತ್ತು. ಕೊನೇ ಬಸ್ಸು ತಪ್ಪಿ ಎರಡು ಸಲ ಮೇಡಂ ಮನೆಯಲ್ಲೇ ಮಲಗಿದ್ದೇನೆ. ನಮ್ಮ ಮನೆಯವರು ನಂಬುವ ಜನ, ಒಪ್ಪಿಕೊಂಡರು. ಬೇರೆ ಮನೆಯ ಹುಡುಗಿಯಾಗಿದ್ದರೆ ಆವತ್ತೇ ಬಿಡಿಸುತ್ತಿದ್ದರು. ಪ್ರೀತಿಯಿಂದ ನೋಡಿಕೊಂಡರು ಅನ್ನುವುದು ನಿಜ. ಪ್ರೀತಿ ಇದೆ ಅಂತ ಲೆಕ್ಕ ಬರೆಯದೆ ಇರುವುದು ಸರಿಯಲ್ಲ ಅನ್ನುವುದೂ ನಿಜ. ಇದನ್ನು ಬಿಡುವ ದಿನ ಮೇಡಂಗೆ ಮುಖಕ್ಕೇ ಹೇಳಿ ಬಂದಿದ್ದೇನೆ. ಹಾಗಾಗಿ ಪತ್ರಿಕೆಯಲ್ಲಿ ಬರೆದರೆ ತಪ್ಪಿಲ್ಲ.

ಆದರೆ ಗೌರವಧನ ಯಾಕೆ ತಡವಾಯಿತು ಅನ್ನುವುದನ್ನೂ ನಾನು ಅಲ್ಲೇ ಕಲಿತೆ. ಲೆಕ್ಕದ ಸರ್ ಇಲ್ಲದ ದಿನ ಪುಸ್ತಕ ನನ್ನ ಕೈಗೆ ಬರುತ್ತಿತ್ತು. ಒಂದು ಶಾಲೆಯ ಆಟಕ್ಕೆ 8,000 ಬಂತು ಅನ್ನಿ. ಗೊಂಬೆ ಆಡಿಸುವವರು ಇಬ್ಬರು, ಹಾರ್ಮೋನಿಯಂ, ಮದ್ದಳೆ, ತಾಳ ಸೇರಿ ಐದು ಜನಕ್ಕೆ ತಲಾ 1,000. ಗಾಡಿಗೆ 1,800. ಊಟ, ಚಹಾ 600. ಉಳಿದದ್ದು 600. ಅದರಲ್ಲಿ ಬಾಡಿಗೆ, ಕರೆಂಟು, ಅಣ್ಣನ ಸಂಬಳ. ಬಾಕಿಯದೆಲ್ಲ ಸರ್ಕಾರದ ಧನಸಹಾಯದ ಮೇಲೆ ನಿಂತಿದೆ. ಧನಸಹಾಯ ಸಿಗಬೇಕಾದರೆ ಮೊದಲು ಖರ್ಚು ಮಾಡಿರಬೇಕು, ಬಿಲ್ಲು ಕೊಡಬೇಕು, ಹಣ ಬಳಸಿದ ಪ್ರಮಾಣಪತ್ರ ಕೊಡಬೇಕು. 5,000 ದಾಟಿದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಸಹಿ ಬೀಳಬೇಕು. ಒಂದು ಸಲ ತಾಳದವರ ಹೆಬ್ಬೆಟ್ಟು ಸ್ಟಾಂಪಿನ ಹೊರಗೆ ಬಿತ್ತು ಅಂತ ಕಡತ ವಾಪಸ್ ಬಂತು. ಅವರ ಊರಿಗೆ ಹೋಗಿ ಮತ್ತೆ ಹೆಬ್ಬೆಟ್ಟು ಹಾಕಿಸಿಕೊಂಡು ಬಂದವಳು ನಾನೇ. ಹೋಗಿ ಬರಲು ಒಂದು ದಿನ ಹೋಯಿತು.

ಆ ದಿನಗಳಲ್ಲೇ ಜನವರಿ 25 ಬಂತು. 2025ರ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು. 96 ವರ್ಷ. ತೊಗಲುಗೊಂಬೆ ಆಟಕ್ಕೆ ಪದ್ಮಶ್ರೀ. ಅವರಿಗೂ ನಮ್ಮ ಸಂಸ್ಥೆಗೂ ಸಂಬಂಧ ಇಲ್ಲ. ಆದರೂ ಆವತ್ತು ಸಂಜೆಯಿಂದ ನಮ್ಮ ಫೋನು ನಿಲ್ಲಲಿಲ್ಲ. ತೊಗಲುಗೊಂಬೆ ಅಂದರೆ ಏನು, ಫೋಟೊ ಇದೆಯಾ, ಯಾವ ಚರ್ಮ, ಎಷ್ಟು ವರ್ಷ ಹಳೆಯದು, ಅರ್ಧ ಗಂಟೆಯಲ್ಲಿ ಬೇಕು. ಹಿಂದಿನ ದಿನದವರೆಗೆ ಯಾರಿಗೂ ಬೇಡವಾಗಿದ್ದ ನನ್ನ ರಿಜಿಸ್ಟರಿಗೆ ಒಮ್ಮೆಲೇ ಬೆಲೆ ಬಂತು. ಗಾಜಿನ ಮೇಲೆ ಹೊಡೆದ ಫೋಟೊಗಳನ್ನು ನಂಬರು, ಅಳತೆ ಸಮೇತ ಕಳಿಸಿದೆ. ಎಲ್ಲರೂ ಹಾಕಿಕೊಂಡರು. ಎಲ್ಲಿಂದ ಬಂತು ಅಂತ ಒಬ್ಬರೂ ಬರೆಯಲಿಲ್ಲ. ನಿಮ್ಮ ಪತ್ರಿಕೆ ಅದರಲ್ಲಿತ್ತಾ ಇಲ್ಲವಾ ಅನ್ನುವುದನ್ನು ಇಲ್ಲಿ ಹೇಳಲ್ಲ, ಪತ್ರ ಅಚ್ಚಾಗಬೇಕಲ್ಲ!

ಅಜ್ಜ ಆವತ್ತು ಟೀವಿಯ ಮುಂದೆ ತುಂಬಾ ಹೊತ್ತು ಕೂತಿದ್ದರು. ಮಗನಿಗೆ ಫೋನು ಮಾಡಿ ತಮ್ಮ ಮನೆಮಾತಿನಲ್ಲಿ ಏನೋ ಹೇಳಿದರು. ಮರಾಠಿ ಬೆರೆತ ಮಾತು, ನನಗೆ ಅರ್ಥವಾಗಲಿಲ್ಲ. 'ದಿಲ್ಲಿ' ಅನ್ನುವುದೊಂದು ಕೇಳಿಸಿತು. ಮಗ ಗಾರೆ ಕೆಲಸಕ್ಕೆ ಹೋಗುತ್ತಾನೆ. ಗೊಂಬೆ ಆಡಿಸಲು ಬರುತ್ತೆ ಅವನಿಗೆ, ಚೆನ್ನಾಗಿಯೇ ಬರುತ್ತೆ. ಗಾರೆ ಕೆಲಸ ಬಿಟ್ಟು ಬಂದ ದಿನ ಮಾತ್ರ.

ಓದುಗರು ಎತ್ತಿದ ಬಿಟ್ಟಿ ಚಾಕರಿಯ ಪ್ರಶ್ನೆ ಇನ್ನೂ ಬಾಕಿ ಇದೆ. ನನಗೆ ಸಿಕ್ಕಿದ 4,000 ಕಡಿಮೆ ಅನ್ನುವುದರಲ್ಲಿ ಅನುಮಾನ ಇಲ್ಲ. ಮನೆ ಹತ್ತಿರ ಇದ್ದಿದ್ದರಿಂದ, ಅಪ್ಪ ಇನ್ನೂ ದುಡಿಯುತ್ತಿರುವುದರಿಂದ, ಬಸ್ಸು ಫ್ರೀ ಇದ್ದಿದ್ದರಿಂದ ನನಗೆ ಆಯಿತು. ನನ್ನ ಜೊತೆ ಓದಿದ ಕುಷ್ಟಗಿ ಕಡೆಯ ಒಬ್ಬ ಹುಡುಗ ನನಗಿಂತ ಚೆನ್ನಾಗಿ ಬರೆಯುತ್ತಿದ್ದ, ಚಿತ್ರವೂ ಬಿಡಿಸುತ್ತಿದ್ದ. ಮೇಡಂ ಮೊದಲು ಕೇಳಿದ್ದು ಅವನನ್ನೇ. ಬಸ್ ಚಾರ್ಜು, ಕೋಣೆ ಬಾಡಿಗೆ ಲೆಕ್ಕ ಹಾಕಿ ಅವನು ಬರಲಿಲ್ಲ, ಪೆಟ್ರೋಲ್ ಬಂಕಿಗೆ ಸೇರಿದ. ಹಾಗೆ ನೋಡಿದರೆ ಇಂಥ ಇಂಟರ್ನ್‌ಶಿಪ್ಪು ಮನೆಯಲ್ಲಿ ಸ್ವಲ್ಪ ಅನುಕೂಲ ಇದ್ದವರಿಗೆ ಮಾತ್ರ ಸಿಗುವ ಶಿಕ್ಷಣ. ಓದುಗರು ಈ ಮಾತು ಬರೆದಿದ್ದರೆ ನಾನು ಕೈ ಮುಗಿದು ಸುಮ್ಮನಿರುತ್ತಿದ್ದೆ.

ಆದರೆ ಅವರ ಪರಿಹಾರ, ಇಂಥ ಸಂಸ್ಥೆಗಳಿಗೆ ಹುಡುಗರನ್ನು ಕಳಿಸಬೇಡಿ ಅನ್ನುವುದು. ಅದು ಯಾರಿಗೂ ಉಪಯೋಗ ಇಲ್ಲ. ಸಂಸ್ಥೆಯ ಕೈಯಲ್ಲಿ ಹಣ ಇಲ್ಲ, ಸರಿ. ಸರ್ಕಾರದ ಕೈಯಲ್ಲಿ ಇಲ್ಲವಾ? ನಾನು ಸ್ವಲ್ಪ ಹುಡುಕಿದೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ, ನಾನು ಕೆಲಸಕ್ಕೆ ಸೇರಿದ ತಿಂಗಳೇ, ಶುರುವಾಯಿತು. ಆಗ 21ರಿಂದ 24 ವರ್ಷದವರಿಗೆ ತಿಂಗಳಿಗೆ 5,000 ಅಂತ ಇತ್ತು. ಅದರಲ್ಲಿ 4,500 ಕೇಂದ್ರ ಸರ್ಕಾರದ್ದು, 500 ಕಂಪನಿಯದು. ಆದರೆ ಇಂಟರ್ನ್‌ಶಿಪ್ಪು ದೇಶದ ದೊಡ್ಡ 500 ಕಂಪನಿಗಳಲ್ಲಿ. ಇನ್ನೊಂದು ಅಪ್ರೆಂಟಿಸ್ ಯೋಜನೆ. ಮೊದಲು ಎಂಜಿನಿಯರಿಂಗ್, ಡಿಪ್ಲೊಮಾದವರಿಗೆ ಇದ್ದದ್ದನ್ನು 2021ರಲ್ಲಿ ಬಿ.ಎ., ಬಿ.ಕಾಂ.ನವರಿಗೂ ತೆರೆದರು. ನಾನು ನೋಡಿದಾಗ ಪದವೀಧರರಿಗೆ ಕನಿಷ್ಠ 9,000, ಅದರಲ್ಲಿ ಅರ್ಧ, ಅಂದರೆ ಮತ್ತೆ 4,500, ಕೇಂದ್ರ ಸರ್ಕಾರ ಕೊಡುತ್ತಿತ್ತು. ಖುಷಿಯಿಂದ ಮೇಡಂಗೆ ತೋರಿಸಿದೆ. ಕೆಳಗೆ ನಿಯಮ ಓದಿದರೆ, ಅಪ್ರೆಂಟಿಸ್ ತಗೊಳ್ಳುವ ಸಂಸ್ಥೆಯಲ್ಲಿ ಕನಿಷ್ಠ 4 ಜನ ಕೆಲಸಗಾರರು ಇರಬೇಕು. ನಮ್ಮಲ್ಲಿ ಮೂರು.

ಅಣ್ಣ ತಮಾಷೆ ಮಾಡಿದ, ಕಿಳ್ಳೇಕ್ಯಾತನನ್ನೂ ಹಾಜರಿ ಪುಸ್ತಕಕ್ಕೆ ಹಾಕ್ರಿ, ನಾಲ್ಕಾಗ್ತೈತಿ ಅಂತ.

ರಾಜ್ಯದ ಯುವನಿಧಿ ಇದೆ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ನನ್ನ ಗೆಳತಿ ಪಡೆಯುತ್ತಾಳೆ. ಅವಳಿಗೆ ಅದು ಬೇಕು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದಕ್ಕೆ ಕೆಲಸ ಮಾಡುತ್ತಿಲ್ಲ, ಓದುತ್ತಿಲ್ಲ ಅಂತ ಬರೆದುಕೊಡಬೇಕು. ಆರು ತಿಂಗಳು ನಾನು 4,000ಕ್ಕೆ ದುಡಿದೆ, ಅವಳು 3,000ಕ್ಕೆ ಮನೆಯಲ್ಲಿದ್ದಳು. ನಮ್ಮಿಬ್ಬರ ನಡುವೆ 1,000 ರೂಪಾಯಿ ವ್ಯತ್ಯಾಸ. ಇದೇ 3,000ವನ್ನು, ಒಂದು ಸಣ್ಣ ಕಲಾ ಸಂಸ್ಥೆಯಲ್ಲೋ ಗ್ರಂಥಾಲಯದಲ್ಲೋ ಆರು ತಿಂಗಳು ಕೆಲಸ ಕಲಿಯುವವರಿಗೆ ಕೊಟ್ಟು, ಮೇಲಿನ 4,000ವನ್ನು ಸಂಸ್ಥೆ ಕೊಡಲಿ ಅಂದಿದ್ದರೆ ಕುಷ್ಟಗಿಯ ಆ ಹುಡುಗ ಬರುತ್ತಿದ್ದ. ಗೊಂಬೆಗಳ ಚಿತ್ರವನ್ನೂ ಬರೆದಿಡುತ್ತಿದ್ದ.

ಕಳ್ಳ ಸಂಸ್ಥೆಗಳು ಹುಟ್ಟಿಕೊಳ್ಳುತ್ತವೆ ಅಂತ ಯಾರಾದರೂ ಹೇಳುತ್ತಾರೆ, ಗೊತ್ತು. ಈಗಲೂ ಧನಸಹಾಯಕ್ಕೆ ಅರ್ಜಿ ಹಾಕುವ ಸಂಸ್ಥೆಗಳ ಕಾಗದಪತ್ರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಹತ್ತಿರ ಇರುತ್ತೆ ಅಲ್ವಾ? ಅವುಗಳಲ್ಲಿ ಸರಿಯಾಗಿ ಲೆಕ್ಕ ಕೊಟ್ಟವರಿಗೆ ಮಾತ್ರ ಕೊಡಲಿ. ಹೆಬ್ಬೆಟ್ಟು ಸ್ಟಾಂಪಿನ ಹೊರಗೆ ಬಿದ್ದದ್ದನ್ನು ಕಂಡುಹಿಡಿಯುವ ಕಣ್ಣು ಇರುವವರಿಗೆ ಇಂಟರ್ನ್ ಬಂದಳಾ ಇಲ್ಲವಾ ಅಂತ ನೋಡುವುದು ಕಷ್ಟವಲ್ಲ. ಹಣ ಸಂಸ್ಥೆಯ ಖಾತೆಗೆ ಬೇಡ, ನೇರ ಹುಡುಗರ ಖಾತೆಗೇ ಹಾಕಲಿ. ಸಂಸ್ಥೆಯವರು ಮೊದಲ ದಿನವೇ ಒಂದು ಹಾಳೆಯಲ್ಲಿ ಗಂಟೆ, ಹಣ, ಕೆಲಸ ಮೂರನ್ನೂ ಬರೆದುಕೊಡಲಿ. ಕಸ ಗುಡಿಸುವುದಿದ್ದರೆ ಅದನ್ನೂ ಬರೆಯಲಿ, ನನಗೇನೂ ಅಭ್ಯಂತರ ಇಲ್ಲ. ಅಲ್ಲಿ ಮೇಡಂ ಕೂಡ ಗುಡಿಸುತ್ತಿದ್ದರು.

ನಾನು ಈಗ ಗದಗಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. 13,500 ಸಂಬಳ. ಸಂದರ್ಶನದಲ್ಲಿ ಒಬ್ಬರು ನನ್ನ ಕಾಗದ ನೋಡಿ, ಗೊಂಬೆ ಆಟದವರ ಹತ್ತಿರ ಇಂಟರ್ನ್‌ಶಿಪ್ಪಾ ಅಂತ ನಕ್ಕರು. ಪಕ್ಕದಲ್ಲಿ ಕೂತಿದ್ದ ಗ್ರಂಥಪಾಲಕರು ನಗಲಿಲ್ಲ. ಹೊಸದಾಗಿ ಬಂದ ವಸ್ತುವಿಗೆ ನಂಬರು ಹೇಗೆ ಕೊಡುತ್ತೀರಿ, ಒಂದು ಕಟ್ಟಿನಲ್ಲಿ ಮೂರು ಪುಸ್ತಕ ಇದ್ದರೆ ಏನು ಮಾಡುತ್ತೀರಿ ಅಂತ ಕೇಳಿದರು. ನಾನು ರಾಮ, ಸೀತೆ, ಲಕ್ಷ್ಮಣರ ತೊಗಲಿನ ಕಥೆ ಹೇಳಿದೆ. ಹಳೇ ಪುಸ್ತಕಗಳನ್ನು ಮಳೆಗಾಲದಲ್ಲಿ ಹೇಗೆ ಇಡುತ್ತೀರಿ ಅಂತ ಕೇಳಿದರು. ಪ್ಲಾಸ್ಟಿಕ್ ಕವರಿನಲ್ಲಂತೂ ಇಡಲ್ಲ ಸರ್ ಅಂದೆ.

ಹೋದ ಭಾನುವಾರ ಕೊಪ್ಪಳಕ್ಕೆ ಹೋಗಿದ್ದೆ. ಅಜ್ಜನಿಗೆ ಕಣ್ಣಿನ ಪೊರೆ ತೆಗೆಸಿದ್ದಾರೆ, ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನನ್ನ ನಂತರ ಇಬ್ಬರು ಹುಡುಗಿಯರು ವಿಚಾರಿಸಿಕೊಂಡು ಹೋದರಂತೆ, ಗೌರವಧನ ಕೇಳಿ ಮತ್ತೆ ಬರಲಿಲ್ಲವಂತೆ. ಒಳಕೋಣೆಯ ಬೀಗ ತೆಗೆದು ನೋಡಿದೆ. ಧೋತರದ ಮಡಿಕೆಗಳು ಸರಿಯಾಗಿವೆ. ಬಜೆಬೇರಿನ ವಾಸನೆ ಹೋಗಿದೆ, ಹೊಸದು ತಂದು ಹಾಕಬೇಕು. ರಿಜಿಸ್ಟರು ನನ್ನ ಅಕ್ಷರದಲ್ಲಿ 187ಕ್ಕೆ ನಿಂತಿದೆ. ನಾಲ್ಕನೇ ಪೆಟ್ಟಿಗೆ ಇನ್ನೂ ತೆರೆದಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ,
ಕುಕನೂರು, ಕೊಪ್ಪಳ ಜಿಲ್ಲೆ
(ಹೆಸರು ಹಾಕಬೇಡಿ. ಹಾಕಿದರೂ ಮೇಡಂಗೆ ಗೊತ್ತಾಗುತ್ತೆ, ಹಾಕದಿದ್ದರೂ ಗೊತ್ತಾಗುತ್ತೆ.)